80ಕ್ಕೆ ನಿಲ್ಲಿಸುವ ಹೊಣೆ ಯಾರದು?

ಕೊಂಡ ಹೊಸತರಲ್ಲಿ ಆರು ತಾಸು ಬರುತ್ತಿದ್ದ ಲ್ಯಾಪ್‌ಟಾಪ್ ಬ್ಯಾಟರಿ ಎರಡು ವರ್ಷಕ್ಕೆ ಮೂರು ತಾಸಿಗೆ ಇಳಿದು, ಆಮೇಲೆ ಪ್ಲಗ್ ಕಿತ್ತ ಹತ್ತೇ ನಿಮಿಷಕ್ಕೆ ಪರದೆ ಕಪ್ಪಾಗತೊಡಗಿದರೆ, ಮನೆಯಲ್ಲಿ ಮೊದಲು ಬೈಸಿಕೊಳ್ಳುವುದು ಅದನ್ನು ಬಳಸಿದವರು. ‘ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಲಗ್ತೀಯ’, ‘ಪೂರ್ತಿ ಖಾಲಿಯಾದ ಮೇಲೆ ಹಾಕು ಅಂತ ಹೇಳಿರಲಿಲ್ವಾ’ ಎಂಬ ಮಾತುಗಳು ಎಲ್ಲ ಮನೆಗಳಲ್ಲೂ ಕೇಳಿಬರುತ್ತವೆ. ಬ್ಯಾಟರಿ ಉಳಿಸುವುದು ಹೇಗೆಂದು ಹೇಳುವ ಲೇಖನಗಳೂ ಇದೇ ಧಾಟಿಯವು: ಪರದೆಯ ಬೆಳಕು ತಗ್ಗಿಸಿ, ಬೇಡದ ಕಿಟಕಿ ಮುಚ್ಚಿ, ವೈಫೈ ಆರಿಸಿ. ಇವೆಲ್ಲ ಆ ದಿನದ ಚಾರ್ಜು ಇನ್ನೊಂದು ತಾಸು ಬರಲು ನೆರವಾಗುವ ಸಲಹೆಗಳು. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆ ಬೇರೆಯೇ, ಹಣ ಕಳೆಯುವುದೂ ಅಲ್ಲಿಯೇ. ಆ ಪ್ರಶ್ನೆಗೆ ಉತ್ತರ ಬಳಸುವವರ ಜಾಗ್ರತೆಗಿಂತ ಹೆಚ್ಚಾಗಿ ಯಂತ್ರ ತಯಾರಿಸಿದವರ ಒಂದು ನಿರ್ಧಾರದಲ್ಲಿದೆ. ಪ್ಲಗ್‌ನಲ್ಲೇ ಇರುವ ಲ್ಯಾಪ್‌ಟಾಪ್ ಶೇ 100ರವರೆಗೆ ಚಾರ್ಜ್ ಆಗಿ ಅಲ್ಲೇ ನಿಲ್ಲಬೇಕೋ, ಶೇ 80ಕ್ಕೆ ನಿಲ್ಲಬೇಕೋ ಎಂಬುದೇ ಆ ನಿರ್ಧಾರ. ಕಾರ್ಖಾನೆಯಿಂದ ಹೊರಬರುವಾಗಲೇ ಅದು 80ಕ್ಕೆ ನಿಲ್ಲುವಂತೆ ಇರಬೇಕು, ಪೂರ್ತಿ ಬೇಕೆನ್ನುವವರು ಒಂದು ಗುಂಡಿ ಒತ್ತಿ 100ಕ್ಕೆ ಏರಿಸಿಕೊಳ್ಳುವಂತಿರಬೇಕು ಎಂಬುದು ಈ ಲೇಖನದ ವಾದ.

‘ಫುಲ್’ ಎಂಬ ಪದದ ಮೇಲೆ ನಮಗಿರುವ ನಂಬಿಕೆ ಸುಮ್ಮನೆ ಬಂದದ್ದಲ್ಲ. ಮನೆಯ ಮೂಲೆಯಲ್ಲಿರುವ ಯುಪಿಎಸ್ ಬ್ಯಾಟರಿ, ಸ್ಕೂಟರಿನದು, ಟ್ರ್ಯಾಕ್ಟರಿನದು, ಹೆಚ್ಚಾಗಿ ಎಲ್ಲವೂ ಸೀಸ ಮತ್ತು ಆಮ್ಲದವು. ಅವನ್ನು ಖಾಲಿ ಬಿಟ್ಟರೆ ಸೀಸದ ಫಲಕಗಳ ಮೇಲೆ ಗಟ್ಟಿ ಹರಳು ಕಟ್ಟಿ ಬ್ಯಾಟರಿ ಸಾಯುತ್ತದೆ. ಸದಾ ತುಂಬಿರುವುದೇ ಅವಕ್ಕೆ ಕ್ಷೇಮ. ಅದಕ್ಕೇ ಡಿಸ್ಟಿಲ್ಡ್ ವಾಟರ್ ಹಾಕುವ ಮೆಕ್ಯಾನಿಕ್ ‘ಫುಲ್ ಚಾರ್ಜಲ್ಲೇ ಇಡಿ’ ಎಂದು ಹೇಳಿ ಹೋಗುತ್ತಾನೆ, ಸರಿಯಾಗಿಯೇ ಹೇಳುತ್ತಾನೆ. ಇನ್ನೊಂದು ಪಾಠ ಬಂದದ್ದು ಹಳೆಯ ಕಾರ್ಡ್‌ಲೆಸ್ ಫೋನು, ಶೇವರುಗಳಲ್ಲಿದ್ದ ನಿಕೆಲ್-ಕ್ಯಾಡ್ಮಿಯಮ್ ಬ್ಯಾಟರಿಯಿಂದ. ಅರ್ಧ ಖಾಲಿಯಾದಾಗಲೇ ಮತ್ತೆ ಮತ್ತೆ ತುಂಬಿದರೆ ಅದು ಆ ಅರ್ಧವನ್ನೇ ತನ್ನ ಅಳತೆಯೆಂದು ‘ನೆನಪಿಟ್ಟುಕೊಳ್ಳುತ್ತಿತ್ತು’. ‘ಪೂರ್ತಿ ಖಾಲಿ ಮಾಡಿ ಆಮೇಲೆ ತುಂಬಿ’ ಎಂಬ ಮಾತು ಹುಟ್ಟಿದ್ದು ಹಾಗೆ. ಲ್ಯಾಪ್‌ಟಾಪಿನಲ್ಲಿರುವುದು ಇವೆರಡೂ ಅಲ್ಲ, ಲಿಥಿಯಂ ಅಯಾನ್. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ದಾರಿ ಮಾಡಿಕೊಟ್ಟ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಈ ಬ್ಯಾಟರಿಗೆ ಹಳೆಯ ಎರಡು ಪಾಠಗಳೂ ತಿರುಗುಮುರುಗು. ಪೂರ್ತಿ ಖಾಲಿಯೂ ಆಗದು, ಸದಾ ಪೂರ್ತಿ ತುಂಬಿರುವುದೂ ಆಗದು. ನಡುವೆ ಇದ್ದರೆ ಅದು ನೆಮ್ಮದಿಯಾಗಿರುತ್ತದೆ. ಬ್ಯಾಟರಿಯ ಜಾತಿ ಬದಲಾಯಿತು, ಬುದ್ಧಿಮಾತು ಹಳೆಯದೇ ಉಳಿಯಿತು. ಆ ತಪ್ಪನ್ನು ಜನರ ಮೇಲೆ ಹೊರಿಸುವುದು ನ್ಯಾಯವಲ್ಲ.

ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಈ 80ರ ಲೆಕ್ಕ ಅರ್ಥವಾಗುತ್ತದೆ. ಚಾರ್ಜ್ ಮಾಡುವುದೆಂದರೆ ಒಂದು ಬದಿಯ ಲೋಹದ ಆಕ್ಸೈಡಿನಲ್ಲಿರುವ ಲಿಥಿಯಂ ಅಯಾನುಗಳನ್ನು ಹೊರಗೆಳೆದು ಇನ್ನೊಂದು ಬದಿಯ ಗ್ರಾಫೈಟಿನ ಪದರಗಳೊಳಗೆ ಕೂರಿಸುವುದು. ನಡುವೆ ಇರುವುದು ಬೇಗ ಹೊತ್ತಿಕೊಳ್ಳುವ ಒಂದು ದ್ರವ. ಮೊದಲ ಚಾರ್ಜಿನಲ್ಲೇ ಗ್ರಾಫೈಟಿನ ಮೈಮೇಲೆ ತೆಳುವಾದ ಪೊರೆಯೊಂದು ಕಟ್ಟುತ್ತದೆ. ಅದು ಬೇಕು, ಇಲ್ಲದಿದ್ದರೆ ಬ್ಯಾಟರಿ ನಡೆಯುವುದೇ ಇಲ್ಲ. ಆದರೆ ಅದು ಅಷ್ಟಕ್ಕೇ ನಿಲ್ಲದೆ ದಿನದಿನಕ್ಕೂ ದಪ್ಪವಾಗುತ್ತ ಹೋಗುತ್ತದೆ, ದಪ್ಪವಾದಂತೆಲ್ಲ ಒಂದಿಷ್ಟು ಲಿಥಿಯಂ ಅನ್ನು ತಿಂದುಹಾಕುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಸುಣ್ಣದ ಪದರ ಕಟ್ಟುವ ಹಾಗೆ. ಬೆಂಕಿ ಜೋರಾದಷ್ಟೂ ಪದರ ಬೇಗ ಬೆಳೆಯುತ್ತದೆ, ಇಲ್ಲೂ ಬಿಸಿ ಹೆಚ್ಚಿದಷ್ಟೂ ಬೇಗ. ಇನ್ನೊಂದು ಕಡೆ, ಪೂರ್ತಿ ತುಂಬಿದ ಸೆಲ್ಲಿನ ವೋಲ್ಟೇಜು 4.2ರ ಆಸುಪಾಸಿಗೆ, ಈಚಿನ ಕೆಲವು ಸೆಲ್‌ಗಳಲ್ಲಿ ಅದಕ್ಕೂ ಮೇಲೆ ಇರುತ್ತದೆ. ಆ ಎತ್ತರದಲ್ಲಿ ಆಕ್ಸೈಡಿನ ಬದಿಯಲ್ಲಿ ದ್ರವವೇ ಒಡೆದು ಅನಿಲವಾಗತೊಡಗುತ್ತದೆ. ಹೀಗೆ ಬ್ಯಾಟರಿಯನ್ನು ಸವೆಸುವುದು ಬಳಕೆಯೊಂದೇ ಅಲ್ಲ. ಏನೂ ಕೆಲಸ ಮಾಡದೆ, ತುಂಬಿಕೊಂಡು, ಬಿಸಿಯಲ್ಲಿ ಸುಮ್ಮನೆ ಕುಳಿತಿದ್ದರೂ ಅದು ಸವೆಯುತ್ತದೆ. ಜನರಿಗೆ ಯಾರೂ ಹೇಳದ ಮಾತು ಇದು.

ಅಂಕಿಗಳು ಇನ್ನೂ ಸ್ಪಷ್ಟ. ಕೆನಡಾದ ಕ್ಯಾಡೆಕ್ಸ್ ಸಂಸ್ಥೆ ಕಟ್ಟಿದ ಇಸಿಡಾರ್ ಬುಕ್ಮನ್ ಬ್ಯಾಟರಿಗಳ ಬಗ್ಗೆ ದಶಕಗಳಿಂದ ಬರೆದು ಬಂದವರು. ಅವರು ಕೊಡುವ ಕೋಷ್ಟಕದ ಪ್ರಕಾರ, ಲಿಥಿಯಂ ಬ್ಯಾಟರಿಯನ್ನು ಶೇ 40ರಷ್ಟು ತುಂಬಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಇಟ್ಟರೆ ಅದರ ಸಾಮರ್ಥ್ಯದಲ್ಲಿ ಸುಮಾರು ಶೇ 96 ಉಳಿಯುತ್ತದೆ. ಅದನ್ನೇ ಪೂರ್ತಿ ತುಂಬಿ ಇಟ್ಟರೆ ಶೇ 80. ಉಷ್ಣತೆ 40 ಡಿಗ್ರಿಯಾದರೆ ಅರೆ ತುಂಬಿದ್ದು ಶೇ 85ಕ್ಕೆ ಇಳಿಯುತ್ತದೆ, ಪೂರ್ತಿ ತುಂಬಿದ್ದು ಶೇ 65ಕ್ಕೆ ಕುಸಿಯುತ್ತದೆ. ಇವತ್ತಿನ ಒಳ್ಳೆಯ ಸೆಲ್‌ಗಳು ಇದಕ್ಕಿಂತ ತುಸು ಗಟ್ಟಿ ಇರಬಹುದು, ಆದರೆ ಇಳಿಜಾರಿನ ದಿಕ್ಕು ಬದಲಾಗಿಲ್ಲ. ಈಗ ನಮ್ಮ ನೆಲದ ಲೆಕ್ಕ ಹಾಕಿ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಶೀಟು ಹೊದಿಸಿದ ಮನೆಯೊಳಗೆ, ಪ್ರೊಸೆಸರಿನ ಶಾಖ ಹೊತ್ತ ಯಂತ್ರದ ಹೊಟ್ಟೆಯಲ್ಲಿ, ಬ್ಯಾಟರಿ ಎಂಥ ಬಿಸಿಯಲ್ಲಿ ದಿನ ಕಳೆಯುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ತನ್ನ ಲ್ಯಾಪ್‌ಟಾಪುಗಳನ್ನು 10ರಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಬರೆದಿದೆ. ಹೈದರಾಬಾದ್ ಕರ್ನಾಟಕವೆಂದು ಕರೆಯುತ್ತಿದ್ದ ಭಾಗದ ಬೇಸಿಗೆಗೆ ಆ ಸಾಲು ಹೊಂದುವುದೇ ಇಲ್ಲ. ಬಿಸಿಲನ್ನು ಬಳಕೆದಾರ ಬದಲಿಸಲಾರ. ಎರಡು ಶತ್ರುಗಳಲ್ಲಿ ಒಂದು ನಮ್ಮ ಕೈಯಲ್ಲಿಲ್ಲ ಎಂದಾದ ಮೇಲೆ ಇನ್ನೊಂದನ್ನಾದರೂ, ಅಂದರೆ ಸದಾ ತುಂಬಿರುವ ಸ್ಥಿತಿಯನ್ನು, ತಡೆಯಬೇಕಲ್ಲವೇ? ತಂಪು ದೇಶದಲ್ಲಿ ಈ ಮಿತಿ ಒಂದು ಅನುಕೂಲ, ನಮ್ಮಲ್ಲಿ ಅದು ಅಗತ್ಯ.

ಲ್ಯಾಪ್‌ಟಾಪ್ ನಿಜಕ್ಕೂ ಹೇಗೆ ಬಳಕೆಯಾಗುತ್ತದೆ ಎಂಬುದನ್ನೂ ನೋಡಬೇಕು. ಹೆಸರಿಗೆ ಮಡಿಲ ಮೇಲಿನದಾದರೂ ಅದು ಹೆಚ್ಚು ಕಾಲ ಇರುವುದು ಮೇಜಿನ ಮೇಲೆ, ಗೋಡೆಯ ಪ್ಲಗ್ಗಿಗೆ ಅಂಟಿಕೊಂಡು. ಕಚೇರಿಯಲ್ಲಿ, ಸೈಬರ್ ಸೆಂಟರಿನಲ್ಲಿ, ಗ್ರಾಮ ಪಂಚಾಯಿತಿಯಲ್ಲಿ, ಮನೆಯಿಂದ ಕೆಲಸ ಮಾಡುವವರ ಕೋಣೆಯಲ್ಲಿ ಅದು ಡೆಸ್ಕ್‌ಟಾಪಿನ ಕೆಲಸವನ್ನೇ ಮಾಡುತ್ತಿದೆ. ಹೀಗೆ ವರ್ಷದ ಬಹುಪಾಲು ದಿನ ಶೇ 100ರಲ್ಲಿ ನಿಂತ ಬ್ಯಾಟರಿ ಒಂದು ದಿನ ಊರಿಗೆ ಹೋಗುವ ಬಸ್ಸಿನಲ್ಲಿ ಕೈಕೊಡುತ್ತದೆ. ‘ನಾನು ಬ್ಯಾಟರಿ ಬಳಸಿಯೇ ಇಲ್ಲ, ಹೇಗೆ ಹಾಳಾಯಿತು’ ಎಂದು ಕೇಳುವವರು ಎಷ್ಟೋ ಮಂದಿ. ಬಳಸದೆ ತುಂಬಿಟ್ಟದ್ದಕ್ಕೇ ಅದು ಹಾಳಾಗಿರುತ್ತದೆ. ಇದನ್ನು ತಡೆಯುವ ಸೌಲಭ್ಯ ಹೊಸದೇನಲ್ಲ, ತಯಾರಕರಿಗೆ ತಿಳಿಯದ್ದೂ ಅಲ್ಲ. ಲೆನೊವೊ ಯಂತ್ರಗಳಲ್ಲಿ ‘ಕನ್ಸರ್ವೇಶನ್ ಮೋಡ್’ ಇದೆ, ಏಸುಸ್‌ನಲ್ಲಿ ‘ಮೈಏಸುಸ್’ ಎಂಬ ತಂತ್ರಾಂಶದೊಳಗೆ 80ರ ಮಿತಿ ಇದೆ, ಡೆಲ್ ಮತ್ತು ಎಚ್‌ಪಿಯ ಅನೇಕ ಮಾದರಿಗಳಲ್ಲಿ ಬಯಾಸ್ ಎಂಬ ನೀಲಿ-ಬಿಳಿ ಪರದೆಯ ಯಾವುದೋ ಪುಟದಲ್ಲಿ ಅದು ಸಿಗುತ್ತದೆ. ಅಗ್ಗದ ಕೆಲವು ಮಾದರಿಗಳಲ್ಲಿ ಮಾತ್ರ ಸಿಗುವುದೇ ಇಲ್ಲ. ಯಂತ್ರ ಶುರುವಾಗುವ ಆ ಎರಡು ಸೆಕೆಂಡಿನಲ್ಲಿ ಸರಿಯಾದ ಕೀಲಿ ಒತ್ತಿ, ಇಂಗ್ಲಿಷಿನ ಹತ್ತಾರು ಸಾಲುಗಳ ನಡುವೆ ಸರಿಯಾದದ್ದನ್ನು ಹುಡುಕಿ ಬದಲಿಸುವವರು ಯಾರು? ಅದು ಗೊತ್ತಿರುವವರು ಹೇಗೂ ಪಾರಾಗುತ್ತಾರೆ. ಮೊದಲ ಬಾರಿಗೆ ಕಂಪ್ಯೂಟರ್ ಕಂಡ ಮನೆಯ ಹುಡುಗಿಗೆ, ಇನ್ನೊಂದು ಕೊಳ್ಳುವ ಶಕ್ತಿಯಿಲ್ಲದವಳಿಗೆ, ಆ ಸೌಲಭ್ಯ ಇದ್ದೂ ಇಲ್ಲದ ಹಾಗೆ. ಪೆಟ್ಟಿಗೆ ತೆರೆದಾಗ ಯಂತ್ರ ಹೇಗಿರುತ್ತದೋ ಹೆಚ್ಚಿನವರು ಕೊನೆಯವರೆಗೂ ಹಾಗೇ ಬಳಸುತ್ತಾರೆ. ಆದ್ದರಿಂದ ಪೆಟ್ಟಿಗೆ ತೆರೆದಾಗ ಅದು ಹೇಗಿದೆ ಎಂಬುದೇ ನಿಜವಾದ ನಿರ್ಧಾರ.

ಇದಕ್ಕೆ ಬರುವ ಮೊದಲ ಆಕ್ಷೇಪ ನೇರವಾದದ್ದು, ಗೌರವದಿಂದ ಕೇಳಬೇಕಾದದ್ದು. ‘ನೂರಕ್ಕೆ ದುಡ್ಡು ಕೊಟ್ಟಿದ್ದೇವೆ, 80 ಏಕೆ ಕೊಡುತ್ತೀರಿ? ಅದರಲ್ಲೂ ಯಾವಾಗ ಕರೆಂಟು ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ?’ ಕರೆಂಟಿನ ಮಾತು ನಿಜ. ಬೇಸಿಗೆಯಲ್ಲಿ, ಮಳೆಗಾಲದ ಗಾಳಿಗೆ ಮರ ಬಿದ್ದಾಗ ಮಲೆನಾಡಿನಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿ, ಆ ಹೆಚ್ಚಿನ ಒಂದು ತಾಸು ಬೇಕಾಗುತ್ತದೆ. ಆದರೆ ಲೆಕ್ಕವನ್ನು ಎರಡು ವರ್ಷದ ಉದ್ದಕ್ಕೆ ಎಳೆದು ನೋಡಿ. ಆರು ತಾಸಿನ ಬ್ಯಾಟರಿಯನ್ನು 80ಕ್ಕೆ ನಿಲ್ಲಿಸಿದರೆ ಐದು ತಾಸಿಗೆ ಹತ್ತಿರ ಬರುತ್ತದೆ. ಸದಾ 100ರಲ್ಲಿ, ಬಿಸಿಯಲ್ಲಿ ಇಟ್ಟರೆ ಅದು ತಾನಾಗಿಯೇ ಸವೆದು ಆ ಐದು ತಾಸಿಗೆ ಬರುತ್ತದೆ, ಅಲ್ಲಿಂದಲೂ ಕೆಳಗಿಳಿಯುತ್ತದೆ. ಮೊದಲನೆಯವರು ಬಿಟ್ಟುಕೊಟ್ಟ ಒಂದು ತಾಸು ಅವರದೇ ಗಂಟಿನಲ್ಲಿದೆ, ಬೇಕಾದ ರಾತ್ರಿ ಒಂದು ಗುಂಡಿ ಒತ್ತಿ ತೆಗೆದುಕೊಳ್ಳಬಹುದು. ಎರಡನೆಯವರು ಕಳೆದುಕೊಂಡ ತಾಸನ್ನು ಯಾವ ಗುಂಡಿಯೂ ಮರಳಿಸದು. ಇಲ್ಲಿ ಯಾರ ಹಕ್ಕನ್ನೂ ಕಿತ್ತುಕೊಳ್ಳುತ್ತಿಲ್ಲ. 100 ಬೇಕೆನ್ನುವುದು ಆಯ್ಕೆಯಾಗಿ ಉಳಿಯಲಿ, ಪರದೆಯ ಮೂಲೆಯ ಬ್ಯಾಟರಿ ಚಿತ್ರ ಮುಟ್ಟಿದೊಡನೆ ‘ಇಂದು ಪೂರ್ತಿ ತುಂಬು’ ಎಂಬ ಸಾಲು ಕನ್ನಡದಲ್ಲೇ ಕಾಣಲಿ. ದಿನಕ್ಕೆ ಆರು ಬಾರಿ ಕರೆಂಟು ಹೋಗುವ ಹಳ್ಳಿಯವರು ಅದನ್ನು ಶಾಶ್ವತವಾಗಿ 100ಕ್ಕೇ ಇಟ್ಟುಕೊಳ್ಳಲಿ, ಅದೂ ಸರಿಯೇ. ಗೊತ್ತಿದ್ದು ಮಾಡುವ ಖರ್ಚು ಅದು. ಗೊತ್ತಿಲ್ಲದೆ ಆಗುವ ನಷ್ಟದ ಬಗ್ಗೆ ಮಾತ್ರ ನನ್ನ ತಕರಾರು.

ಎರಡನೆಯ ಆಕ್ಷೇಪ ಅಂಗಡಿಯವರಿಂದ ಬರುತ್ತದೆ: ‘ಈಗಿನ ಲ್ಯಾಪ್‌ಟಾಪ್ ಬುದ್ಧಿವಂತ ಸಾರ್, ತುಂಬಿದ ಮೇಲೆ ತಾನೇ ನಿಲ್ಲಿಸುತ್ತೆ.’ ಅರ್ಧ ಸತ್ಯ. 100 ದಾಟಿ ಕರೆಂಟು ನುಗ್ಗದಂತೆ ತಡೆಯುವ ಸರ್ಕ್ಯೂಟು ಎಲ್ಲದರಲ್ಲೂ ಇದೆ, ಬೆಂಕಿ ತಗಲದಂತೆ ಕಾಯುವುದು ಅದೇ. ಆದರೆ ತಡೆದ ಮೇಲೂ ಬ್ಯಾಟರಿ 4.2 ವೋಲ್ಟಿನ ಎತ್ತರದಲ್ಲೇ ನಿಂತಿರುತ್ತದೆ, ಸವೆತ ಆಗುವುದು ಆ ನಿಲುವಿನಿಂದ. ಕೆಲವು ಯಂತ್ರಗಳು ಬಳಸುವವರ ರೂಢಿಯನ್ನು ಕಲಿತು, ಬೆಳಿಗ್ಗೆ ಏಳುವ ಹೊತ್ತಿಗಷ್ಟೇ 100 ಮುಟ್ಟುವಂತೆ ಮಾಡುತ್ತವೆ. ಆಪಲ್ 2020ರಲ್ಲಿ ತನ್ನ ಲ್ಯಾಪ್‌ಟಾಪುಗಳ ಬ್ಯಾಟರಿ ನಿರ್ವಹಣೆಯನ್ನು ಈ ದಿಕ್ಕಿನಲ್ಲಿ ಬದಲಿಸಿತು. ಒಳ್ಳೆಯದೇ, ಆದರೆ ರೂಢಿಯೇ ಇಲ್ಲದ ಮನೆಯಲ್ಲಿ ಅದು ಕಲಿಯುವುದೇನನ್ನು? ಅಣ್ಣ ಹಗಲು, ತಂಗಿ ರಾತ್ರಿ ಬಳಸುವ ಒಂದೇ ಲ್ಯಾಪ್‌ಟಾಪಿಗೆ ನೇರವಾದ ಮಿತಿಯೇ ವಾಸಿ. ಹಾಗೇ 80ಕ್ಕೇ ನಿಲ್ಲಿಸುತ್ತ ಹೋದರೆ ಶೇಕಡಾವಾರು ತೋರಿಸುವ ಅಳತೆ ದಾರಿ ತಪ್ಪುತ್ತದೆ ಎಂಬ ಮಾತೂ ಇದೆ. ನಿಜ, ಆಗೊಮ್ಮೆ ಈಗೊಮ್ಮೆ ಪೂರ್ತಿ ತುಂಬಿಸಿದರೆ ಅದು ಸರಿಹೋಗುತ್ತದೆ, ಅದನ್ನು ಯಂತ್ರವೇ ಮಾಡಿಕೊಳ್ಳಬಲ್ಲದು.

‘ಇಷ್ಟೆಲ್ಲ ಏಕೆ, ಹಾಳಾದರೆ ಹೊಸ ಬ್ಯಾಟರಿ ಹಾಕಿಸಿದರಾಯಿತು’ ಎಂಬುದು ಮೂರನೆಯ ಆಕ್ಷೇಪ, ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದು. ಹಿಂದೆ ಲ್ಯಾಪ್‌ಟಾಪಿನ ಅಡಿಯಲ್ಲಿ ಎರಡು ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗ ಅದು ಹೊಟ್ಟೆಯೊಳಗೆ, ಹತ್ತು ಸ್ಕ್ರೂಗಳ ಹಿಂದೆ, ಕೆಲವದರಲ್ಲಿ ಅಂಟು ಹಚ್ಚಿದ ಸ್ಥಿತಿಯಲ್ಲಿದೆ. ಮೂರು-ನಾಲ್ಕು ವರ್ಷದ ಹಿಂದಿನ ಮಾದರಿಗೆ ಕಂಪನಿಯ ಬ್ಯಾಟರಿ ಸಿಗದಿದ್ದರೆ ಜನ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಹೋಗುತ್ತಾರೆ. ಅಲ್ಲಿ ನಂಬಿಕಸ್ಥ, ಕೈಚಳಕದ ಕೆಲಸಗಾರರು ಬೇಕಾದಷ್ಟಿದ್ದಾರೆ, ಅವರಿಲ್ಲದಿದ್ದರೆ ಈ ನಾಡಿನ ಎಷ್ಟೋ ಯಂತ್ರಗಳು ಗುಜರಿ ಸೇರುತ್ತಿದ್ದವು. ಆದರೆ ಅವರ ಕೈಗೆ ಬರುವ ಮಾಲಿನಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಗಿರಾಕಿಗೆ ತಿಳಿಯುವುದು ಕಷ್ಟ. ಲಿಥಿಯಂ ಬ್ಯಾಟರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ನೋಂದಣಿ ಕಡ್ಡಾಯ, ಕೊಳ್ಳುವಾಗ ಆ ಗುರುತನ್ನು ನೋಡಬೇಕೆಂದು ಎಷ್ಟು ಜನರಿಗೆ ಗೊತ್ತು? ಇನ್ನು ಹಳೆಯದನ್ನೇ ಎಳೆಯುವವರ ಪಾಡು. ಮೇಜಿನ ಮೇಲಿಟ್ಟ ಲ್ಯಾಪ್‌ಟಾಪ್ ಒಂದು ಮೂಲೆಯಲ್ಲಿ ಅಲ್ಲಾಡತೊಡಗುತ್ತದೆ. ಟಚ್‌ಪ್ಯಾಡ್ ಒತ್ತಿದರೆ ‘ಕ್ಲಿಕ್’ ಎನ್ನುವುದಿಲ್ಲ, ಒಳಗಿಂದ ಏನೋ ಅದನ್ನು ಮೇಲಕ್ಕೆ ನೂಕುತ್ತಿರುತ್ತದೆ. ಮುಚ್ಚಳ ಮುಚ್ಚಿದರೆ ನಡುವೆ ಬೆರಳು ತೂರುವಷ್ಟು ಸಂದು. ಮೇಲೆ ಹೇಳಿದ ಅನಿಲ ಚೀಲದೊಳಗೆ ತುಂಬಿ ಬ್ಯಾಟರಿ ಹಲಸಿನ ಹಪ್ಪಳದಂತೆ ಉಬ್ಬಿದೆ ಎಂಬುದರ ಗುರುತು ಇದು. ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು, ಆ ಕ್ಷಣವೇ ಬಳಕೆ ನಿಲ್ಲಿಸಿ ತಿಳಿದವರಿಂದ ತೆಗೆಸಬೇಕು. ಇದನ್ನು ‘ಕೀಬೋರ್ಡ್ ಸ್ವಲ್ಪ ಎದ್ದಿದೆ’ ಎಂದುಕೊಂಡು ಕೈಯಿಂದ ಒತ್ತಿ ಬಳಸುವವರು ಇರುವಾಗ, ಬ್ಯಾಟರಿ ಬೇಗ ಹಾಳಾಗುವುದು ಬರೀ ಜೇಬಿನ ವಿಷಯವಾಗಿ ಉಳಿಯುವುದಿಲ್ಲ.

ಆ ಬ್ಯಾಟರಿಯೊಳಗಿನ ಸರಕು ಎಲ್ಲಿಂದ ಬರುತ್ತದೆ ಎಂಬುದೂ ‘ಹೊಸದು ಹಾಕಿಸಿದರಾಯಿತು’ ಎನ್ನುವ ಮುನ್ನ ನೆನಪಾಗಬೇಕು. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದ ಗಣಿಗಳದು. ಲಿಥಿಯಂ ಸೆಲ್‌ಗಳಿಗೆ ನಾವು ಹೆಚ್ಚಾಗಿ ಆಮದನ್ನೇ ನಂಬಿದ್ದೇವೆ. ಮಂಡ್ಯ ಜಿಲ್ಲೆಯ ಮರಳಗಾಲ ಸುತ್ತಮುತ್ತ ಲಿಥಿಯಂ ಸಿಕ್ಕ ಸುದ್ದಿ 2021ರಲ್ಲಿ ಬಂದಾಗ ನಾಡೆಲ್ಲ ಸಂಭ್ರಮಿಸಿತು. ಆದರೆ ಅಂದಾಜಿಸಿದ ಪ್ರಮಾಣ 1,600 ಟನ್, ಒಂದು ದೇಶದ ಹಸಿವಿನ ಮುಂದೆ ಅದು ಹಿಡಿಯಷ್ಟು. ಇರುವ ಬ್ಯಾಟರಿಯನ್ನು ಇನ್ನೆರಡು ವರ್ಷ ಬಾಳಿಸುವುದೇ ನಮಗಿರುವ ಅತ್ಯಂತ ಅಗ್ಗದ ಗಣಿ.

ಕಾನೂನು ಇದನ್ನು ಮುಟ್ಟಲಾರದು ಎನ್ನುವ ಹಾಗೂ ಇಲ್ಲ. ಯುರೋಪಿಯನ್ ಒಕ್ಕೂಟದ ನಿಯಮ 2025ರ ಜೂನ್ 20ರಿಂದ ಮೊಬೈಲು ಮತ್ತು ಟ್ಯಾಬ್ಲೆಟ್ಟುಗಳಿಗೆ ಜಾರಿಯಲ್ಲಿದೆ. ಅದರ ಪ್ರಕಾರ 800 ಚಾರ್ಜ್ ಸೈಕಲ್ ಆದ ಮೇಲೂ ಬ್ಯಾಟರಿಯಲ್ಲಿ ಶೇ 80 ಸಾಮರ್ಥ್ಯ ಉಳಿದಿರಬೇಕು, 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇರಲೇಬೇಕು. ಲ್ಯಾಪ್‌ಟಾಪ್ ಸೇರಿದಂತೆ ಕೈಲಿ ಹಿಡಿಯುವ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು ಎಂಬ ಇನ್ನೊಂದು ನಿಯಮ, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರುವರಿ 18ರಿಂದ ಅನ್ವಯವಾಗುವಂತೆ 2023ರಲ್ಲೇ ಆಗಿದೆ. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸತ್ತ ಬ್ಯಾಟರಿಯ ಹೊಣೆಯನ್ನು ತಯಾರಕರಿಗೆ ವಹಿಸಿವೆ. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಎಲೆಕ್ಟ್ರಾನಿಕ್ ವಸ್ತುಗಳನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಸಮಿತಿಯೊಂದು 2025ರಲ್ಲಿ ವರದಿಯನ್ನೂ ಕೊಟ್ಟಿದೆ. ಸತ್ತ ಮೇಲಿನ ವಿಲೇವಾರಿ ಆಯಿತು, ಕೆಟ್ಟ ಮೇಲಿನ ರಿಪೇರಿಯೂ ಆಯಿತು, ಕೆಡದಂತೆ ಇಡುವ ಮಾತು ಮಾತ್ರ ಈ ಸಾಲಿನಲ್ಲಿ ಬಂದಿಲ್ಲ. ಯುರೋಪಿನ ನಿಯಮವೂ 80ನ್ನು ಆಯ್ಕೆಯಾಗಿ ಇಟ್ಟಿದೆಯೇ ಹೊರತು ಮೊದಲ ಸ್ಥಿತಿಯಾಗಿ ಅಲ್ಲ. 35 ಡಿಗ್ರಿ ದಾಟುವುದು ಅಪರೂಪವಾಗಿರುವ ನಾಡುಗಳಿಗೆ ಅದು ಸಾಕಾಗಬಹುದು. ನಮಗೆ ಸಾಲದು.

ದೆಹಲಿಯ ಕಾನೂನಿಗೆ ಕಾಯದೆ ಕರ್ನಾಟಕವೇ ಇದನ್ನು ಶುರುಮಾಡಬಹುದು. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಇಲ್ಲಿ ಸರ್ಕಾರವೇ ಲ್ಯಾಪ್‌ಟಾಪ್ ಕೊಂಡು ಹಂಚಿದೆ. ಸಾವಿರಗಟ್ಟಲೆ ಯಂತ್ರಗಳನ್ನು ಒಟ್ಟಿಗೆ ಕೊಳ್ಳುವವರ ಮಾತನ್ನು ಯಾವ ಕಂಪನಿಯೂ ತಳ್ಳಿಹಾಕುವುದಿಲ್ಲ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ಬರೆಯುವ ಟೆಂಡರಿನಲ್ಲಿ ಮೂರು ಸಾಲು ಹೆಚ್ಚು ಬರೆದರೆ ಸಾಕು. ಯಂತ್ರ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಸ್ಥಿತಿಯಲ್ಲೇ ವಿದ್ಯಾರ್ಥಿಯ ಕೈ ಸೇರಬೇಕು. ಬ್ಯಾಟರಿಯ ಮೂಲ ಸಾಮರ್ಥ್ಯ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂಬುದು ಸೆಟ್ಟಿಂಗ್ಸ್‌ನಲ್ಲಿ ನೇರವಾಗಿ ಕಾಣಬೇಕು. ವಿಂಡೋಸ್ ಯಂತ್ರಗಳಲ್ಲಿ ಈ ಲೆಕ್ಕ ಈಗಲೂ ಇದೆ, ಆದರೆ ಅದನ್ನು ತೆಗೆಯಲು ಕಪ್ಪು ಪರದೆಯಲ್ಲಿ ಆಜ್ಞೆಯ ಸಾಲು ಟೈಪ್ ಮಾಡಬೇಕು. ಐದು ವರ್ಷದವರೆಗೆ ಅದೇ ಮಾದರಿಯ ಅಸಲಿ ಬ್ಯಾಟರಿ ಜಿಲ್ಲಾ ಕೇಂದ್ರದಲ್ಲಿ ಸಿಗಬೇಕು. ಇದರ ಜೊತೆಗೆ ಪೆಟ್ಟಿಗೆಯೊಳಗೆ, ಮುಚ್ಚಳ ತೆರೆದೊಡನೆ ಕಾಣುವಂತೆ, ಕನ್ನಡದ ಒಂದು ಚೀಟಿ ಇರಲಿ: ‘ಈ ಬ್ಯಾಟರಿ 80ಕ್ಕೆ ನಿಲ್ಲುತ್ತದೆ, ಕೆಟ್ಟಿಲ್ಲ. ಪ್ರಯಾಣಕ್ಕೆ ಮುನ್ನ ಪೂರ್ತಿ ತುಂಬಲು ಈ ಗುಂಡಿ ಒತ್ತಿ. ಹಾಸಿಗೆಯ ಮೇಲೆ ಇಟ್ಟು ಗಾಳಿಯ ಕಿಂಡಿ ಮುಚ್ಚಬೇಡಿ. ರಜೆಯಲ್ಲಿ ಎತ್ತಿಡುವಾಗ ಅರ್ಧ ಚಾರ್ಜಿನಲ್ಲಿಡಿ. ಅಡಿಭಾಗ ಉಬ್ಬಿದರೆ ಬಳಸದೆ ಕಾಲೇಜಿಗೆ ತನ್ನಿ.’